ಕಾವಿ, ಕೆಮ್ಮಣ್ಣು, ಕೆಂಚು: ಕಾಮನಬಿಲ್ಲಲ್ಲಿ ಇಲ್ಲದ ಒಂದು ಬಣ್ಣದ ಬಗ್ಗೆ

(ನಮ್ಮೂರ ಲೈಬ್ರರೀಲಿ ಒಂದು ಸಂಜೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದು. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ತೀರಾ ಎಳೆದ ಕಡೆ ಮಾತ್ರ ಕತ್ತರಿ ಹಾಕಿದೀನಿ.)

ಎಲ್ರಿಗೂ ನಮಸ್ಕಾರ. ಬಟ್ಟೆ ಅಂಗಡೀಲಿ ನಿಂತು "ಆ ಕಂದು ಬಣ್ಣದ ಸೀರೆ ತೋರ್ಸಿ" ಅಂತ ಕೇಳಿದವರು ಇಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ ನೋಡೋಣ. ಇಲ್ಲ ಅಲ್ವಾ. ನಾವು ಕೇಳೋದು ಕಾಫಿ ಕಲರ್, ಇಟ್ಟಿಗೆ ಕಲರ್, ಬೆಲ್ಲದ ಬಣ್ಣ, ಅಡಿಕೆ ಬಣ್ಣ, ತೀರಾ ಆದ್ರೆ ಬ್ರೌನ್. ಕಂದು ಅನ್ನೋದು ಸ್ಕೂಲ್ ಪುಸ್ತಕದ ಬಣ್ಣ, ನೋಟೀಸ್ ಬೋರ್ಡಿನ ಬಣ್ಣ. ಮಾತಲ್ಲಿ ಕಂದೋದು ಏನಿದ್ರೂ ಹೂವು, ಇಲ್ಲಾ ಯಾರದ್ದೋ ಮುಖ. ಬಾಡೋದು, ಮಂಕಾಗೋದು ಅನ್ನೋ ಕ್ರಿಯಾಪದವನ್ನೇ ಎಳ್ಕೊಂಡು ಬಂದು ಬಣ್ಣದ ಹೆಸರು ಮಾಡ್ಕೊಂಡಿದೀವಿ ಅನ್ನಿಸುತ್ತೆ ನಂಗೆ. ಇದು ನಮ್ಮೊಬ್ಬರ ಕಥೆ ಅಲ್ಲ, ತೆಲುಗಿನವರು ಈ ಬಣ್ಣಕ್ಕೆ ಗೋಧುಮ ರಂಗು ಅಂತಾರೆ, ಅಂದ್ರೆ ಗೋಧಿ, ಮಲಯಾಳಿಗಳು ತವಿಟ್ಟ್ ಅಂತಾರೆ, ಅದು ನಮ್ಮ ತೌಡು. ಎಲ್ರೂ ಯಾವುದೋ ಒಂದು ವಸ್ತು ತೋರ್ಸಿ "ಅದರ ಥರ" ಅಂತ ಹೇಳಿ ಮುಗಿಸ್ತಾರೆ.

1969ರಲ್ಲಿ ಬರ್ಲಿನ್ ಮತ್ತು ಕೇ ಅನ್ನೋ ಇಬ್ಬರು ಅಮೆರಿಕನ್ನರು ಪ್ರಪಂಚದ ಭಾಷೆಗಳಲ್ಲಿ ಬಣ್ಣದ ಮೂಲ ಪದಗಳು ಯಾವ ಕ್ರಮದಲ್ಲಿ ಹುಟ್ತಾವೆ ಅಂತ ಒಂದು ಪುಸ್ತಕ ತಂದ್ರು. ಮೊದಲು ಕಪ್ಪು ಬಿಳುಪು, ಆಮೇಲೆ ಕೆಂಪು, ಆಮೇಲೆ ಹಸಿರು ಹಳದಿ, ಆಮೇಲೆ ನೀಲಿ, ಅದೂ ಆದ್ಮೇಲೆ ಬ್ರೌನ್. ಅವರ ವಾದದ ಮೇಲೆ ಜಗಳ ಇನ್ನೂ ನಡೀತಾನೇ ಇದೆ, ಅದು ಬೇರೆ ವಿಷ್ಯ. ಆದ್ರೆ ಈ ಬಣ್ಣ ಲೇಟಾಗಿ ಬರೋದಕ್ಕೆ ಒಂದು ಕಾರಣ ಊಹಿಸಬಹುದು, ಇದು ಕಾಮನಬಿಲ್ಲಲ್ಲೇ ಇಲ್ಲ. ಬ್ರೌನ್ ಬೆಳಕು ಅಂತ ಒಂದಿಲ್ಲ. ಸುತ್ತ ಇರೋದಕ್ಕಿಂತ ಮಂದವಾದ ಕಿತ್ತಳೆಯನ್ನೇ ನಮ್ಮ ಕಣ್ಣು ಬ್ರೌನ್ ಅಂತ ಓದ್ಕೊಳ್ಳುತ್ತೆ, ಅಷ್ಟೇ.

ನಾನು ಮಾತಾಡಬೇಕು ಅಂದ್ಕೊಂಡಿರೋದು ಅದರಲ್ಲೂ ಕೆಂಪಿನ ಕಡೆ ವಾಲಿರೋ ಬೆಚ್ಚಗಿನ ಬಣ್ಣ. ಮಜಾ ಏನಂದ್ರೆ ಬರೀ ಬ್ರೌನಿಗೆ ಪರದಾಡೋ ಕನ್ನಡ ಈ ಕೆಂಪುಗಂದಿಗೆ ಬಂದ್ರೆ ಧಾರಾಳಿ ಆಗ್ಬಿಡುತ್ತೆ. ಕೆಂಚು, ಕಾವಿ, ಕೆಮ್ಮಣ್ಣು, ಕೆಲವು ಕಡೆ ಜಾಜು, ಇನ್ನು ತೊಗರು. ಆದ್ರೆ ಗಮನಿಸಿ, ಒಂದೊಂದು ಪದವೂ ಒಂದೊಂದು ಜಾಗಕ್ಕೆ ಅಂಟ್ಕೊಂಡಿದೆ. ಕೆಂಚು ಅನ್ನೋದು ಕೂದಲಿಗೆ, ಮೀಸೆಗೆ, ಮೈಬಣ್ಣಕ್ಕೆ. ಕೆಂಚು ಗೋಡೆ ಅಂತ ಯಾರೂ ಅನ್ನಲ್ಲ, ಹಾಗೇನೇ ಕಾವಿ ಕೂದಲು ಅಂತಾನೂ ಅನ್ನಲ್ಲ.

ಕೆಂಚಿನಿಂದ ಶುರು ಮಾಡೋಣ. ಕೆಂಚಪ್ಪ, ಕೆಂಚಮ್ಮ, ಕೆಂಚೇಗೌಡ, ಹಳೇ ಮೈಸೂರಿನ ಯಾವ ಊರಿನ ವೋಟರ್ ಲಿಸ್ಟ್ ತೆಗೆದ್ರೂ ಇರ್ತಾರೆ, ಕೆಂಚಮ್ಮನ ಗುಡಿಗಳೂ ಬೇಕಾದಷ್ಟಿವೆ. ಕಾಡಿಗೆ ಹೋದ್ರೆ ಕೆನ್ನಾಯಿ, ಮರದ ತುದೀಲಿ ಉದ್ದ ಬಾಲ ಬಿಟ್ಕೊಂಡಿರೋ ಕೆಂಜಳಿಲು, ಎಲೆ ಹೊಲಿದು ಗೂಡು ಕಟ್ಟೋ ಕೆಂಜಿಗ, ಅದೇ ಮಲೆನಾಡಲ್ಲಿ ಚಗಳಿ ಅಂತ ಚಟ್ನಿ ಮಾಡ್ಕೊಂಡು ತಿಂತಾರಲ್ಲ ಅದು. ಇವು ಯಾವುವೂ ಕುಂಕುಮದ ಹಾಗೆ ಕೆಂಪಲ್ಲ, ನೋಡಿದ್ರೆ ಎಲ್ಲಾ ಕೆಂಚೇ. ಅಂದ್ರೆ ಹಳೇ ಕನ್ನಡಿಗರ "ಕೆಂ" ಅನ್ನೋದು ಈಗಿನ ಟ್ರಾಫಿಕ್ ಸಿಗ್ನಲ್ಲಿನ ರೆಡ್ ಅಲ್ಲ, ಅದರೊಳಗೆ ಮಣ್ಣೂ ಇತ್ತು ತುಕ್ಕೂ ಇತ್ತು ಹಸುವಿನ ಮೈಯೂ ಇತ್ತು.

ಕಾವ್ಯದಲ್ಲಿ ಈ ಗುಂಪಿನ ರಾಜ ಅಂದ್ರೆ ಕೆಂಜೆಡೆ. ಶಿವನ ಜಡೆ. ಎಣ್ಣೆ ಕಾಣದೆ ಬಿಸಿಲಲ್ಲಿ ಬೆಂದು ಕೆಂಚಾದ ಗಂಟುಜಡೆ ಅದು, ಗಂಗೆ ಇಳಿದಿದ್ದು ಅದರ ಮೇಲೇ, ಚಂದ್ರ ಕೂತಿದ್ದೂ ಅಲ್ಲೇ. ವೇದಕ್ಕೆ ಹೋದ್ರೆ ರುದ್ರನ ಬಣ್ಣಾನೇ ಬಭ್ರು, ಋಗ್ವೇದದ ಎರಡನೇ ಮಂಡಲದ ರುದ್ರಸೂಕ್ತದಲ್ಲಿ ಮತ್ತೆ ಮತ್ತೆ ಬರುತ್ತೆ. ಬಭ್ರು ಅಂದ್ರೆ ಕೆಂಗಂದು, ಮುಂಗುಸಿಗೂ ಅದೇ ಹೆಸರು. ನಮ್ಮ ದೇವಸ್ಥಾನಗಳಲ್ಲಿ ದಿನಾ ಹೇಳೋ ನಮಕದಲ್ಲಿ ಒಂದು ಸಾಲಿದೆ, "ಅಸೌ ಯಸ್ತಾಮ್ರೋ ಅರುಣ ಉತ ಬಭ್ರುಃ ಸುಮಂಗಲಃ". ಹುಟ್ಟೋ ಸೂರ್ಯನನ್ನ ರುದ್ರ ಅಂತ ನೋಡ್ತಿರೋ ಸಾಲು. ತಾಮ್ರ, ಅರುಣ, ಬಭ್ರು, ಮೂರು ಶೇಡ್ ಒಂದರ ಹಿಂದೆ ಒಂದು, ಯಾರೋ ನಿಜವಾಗ್ಲೂ ಬೆಳಗಿನ ಜಾವ ಎದ್ದು ನಿಂತು ನೋಡಿ ಬರೆದ ಹಾಗಿದೆ. ಅದರ ಮುಂದಿನ ಮಾತು ನನಗೆ ಇನ್ನೂ ಇಷ್ಟ, ಇವನನ್ನ ದನ ಕಾಯೋರು ನೋಡಿದ್ರು, ನೀರು ಹೊರೋ ಹೆಂಗಸರು ನೋಡಿದ್ರು ಅಂತ ಬರುತ್ತೆ. ಆ ಹೊತ್ತಲ್ಲಿ ಎದ್ದಿರೋರು ಅವರೇ ತಾನೇ! ಪಂಡಿತರು ಅಂತ ಹೇಳಲ್ಲ ನೋಡಿ ಅಲ್ಲಿ.

ಬಭ್ರು ಅಂದ ತಕ್ಷಣ ನಮಗೆ ನೆನಪಾಗೋದು ಬಬ್ರುವಾಹನ. ಅರ್ಜುನ ಚಿತ್ರಾಂಗದೆಯರ ಮಗ, ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಪ್ಪನ ತಲೇನೇ ತೆಗೀತಾನೆ, 1977ರ ಸಿನಿಮಾದಲ್ಲಿ ರಾಜ್‌ಕುಮಾರ್ ಅಪ್ಪ ಮಗ ಎರಡೂ ಪಾತ್ರ ಮಾಡಿ ಆ ಹೆಸರನ್ನ ಮನೆ ಮನೆಗೆ ಮುಟ್ಟಿಸಿಬಿಟ್ರು. ಹೆಸರಿನೊಳಗೆ ಒಂದು ಬಣ್ಣ ಇದೆ ಅಂತ ಎಷ್ಟು ಜನಕ್ಕೆ ಹೊಳೆದಿರುತ್ತೋ ಗೊತ್ತಿಲ್ಲ. ಅಮರಕೋಶದಲ್ಲಿ ಈ ಸಾಲಿನ ಬಣ್ಣಗಳು ಒಟ್ಟೊಟ್ಟಿಗೆ ಬರ್ತಾವೆ, ಕಡಾರ, ಕಪಿಲ, ಪಿಂಗ, ಪಿಶಂಗ, ಕದ್ರು, ಪಿಂಗಲ ಅಂತ. ಕದ್ರು ಅಂದ್ರೆ ಹಾವುಗಳ ತಾಯಿ, ವಿನತೆ ಜೊತೆ ಕುದುರೆ ಬಾಲದ ಬಣ್ಣದ ಮೇಲೆ ಬೆಟ್ ಕಟ್ಟಿ ಮೋಸದಲ್ಲಿ ಗೆದ್ದವಳು. ಬಣ್ಣದ ಹೆಸರಿನವಳು ಬಣ್ಣದ ಮೇಲೇ ಪಂದ್ಯ ಕಟ್ಟಿದ್ದು ಕಾಕತಾಳೀಯವೋ ಏನೋ, ಇರ್ಲಿ, ಮುಂದೆ ಹೋಗೋಣ.

ಈಗ ಕಾವಿ. ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಇದನ್ನೇ. ಕಾವಿ ಅಂದ್ರೆ ಮೊದಲು ಬಟ್ಟೆ ಅಲ್ಲ, ಕಲ್ಲು. ಮಣ್ಣು. ಹೆಮಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್ ಬೆರೆತ ಜೇಡಿ. ಹಳದಿ ಜೇಡಿಯಲ್ಲಿ ಅದೇ ಕಬ್ಬಿಣ ನೀರಿನಂಶ ಹಿಡ್ಕೊಂಡಿರುತ್ತೆ, ಬೆಂಕಿಗೆ ಹಾಕಿ ಆ ನೀರು ಓಡಿಸಿದ್ರೆ ಹಳದಿ ಹೋಗಿ ಕೆಂಪಾಗುತ್ತೆ. ಮನುಷ್ಯ ಕೈಗೆ ತಗೊಂಡ ಬಣ್ಣಗಳಲ್ಲೇ ಬಹಳ ಹಳೇದು ಇದು, ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸುಮಾರು 1,00,000 ವರ್ಷದ ಹಿಂದೆ ಕೆಮ್ಮಣ್ಣು ಅರೆದು ಚಿಪ್ಪಿನಲ್ಲಿ ಕಲಸಿಟ್ಟಿದ್ದು ಸಿಕ್ಕಿದೆ. ಅಷ್ಟು ದೂರ ಯಾಕೆ, ನಮ್ಮ ಕೊಪ್ಪಳ ಜಿಲ್ಲೆ ಹಿರೇಬೆಣಕಲ್ ಗುಡ್ಡದ ಬಂಡೆಗಳ ಮೇಲೆ ಇದೇ ಕೆಮ್ಮಣ್ಣಿನ ಬಣ್ಣದಲ್ಲಿ ಮನುಷ್ಯರು, ಪ್ರಾಣಿಗಳು ಇದಾವೆ. ಕಾಳಿದಾಸನ ಯಕ್ಷನೂ ಮಾಡೋದು ಇದನ್ನೇ. ಮೇಘದೂತದಲ್ಲಿ ಮುನಿಸ್ಕೊಂಡ ಹೆಂಡತಿಯ ಚಿತ್ರವನ್ನ ಬಂಡೆ ಮೇಲೆ "ಧಾತುರಾಗೈಃ", ಅಂದ್ರೆ ಬೆಟ್ಟದ ಖನಿಜದ ಬಣ್ಣದಲ್ಲಿ ಬರೀತಾನೆ, ಅವಳ ಕಾಲಿಗೆ ಬಿದ್ದ ಹಾಗೆ ತನ್ನನ್ನೂ ಬರ್ಕೊಳ್ಳೋಣ ಅಂತ ಹೋದ್ರೆ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲ್ಲ. ಕುಮಾರಸಂಭವದಲ್ಲಿ ವಿದ್ಯಾಧರ ಹೆಂಗಸರು ಭೂರ್ಜದ ತೊಗಟೆ ಮೇಲೆ ಧಾತುರಸದಲ್ಲೇ ಲವ್ ಲೆಟರ್ ಬರೀತಾರೆ. ವೈರಾಗ್ಯ ಎಲ್ಲಿಂದ ಬಂತು ಸ್ವಾಮಿ ಇದರಲ್ಲಿ? ಪೂರ್ತಿ ಪ್ರೇಮದ ಬಣ್ಣ.

ಮನೆಗಳಿಗೆ ಬನ್ನಿ. ಹಬ್ಬದ ದಿನ ಬಾಗಿಲ ಮುಂದೆ ರಂಗೋಲಿ ಇಟ್ಟು ಸುತ್ತ ಕೆಮ್ಮಣ್ಣಿನ ಅಂಚು ಎಳೆಯೋದು ಇಲ್ಲಿ ಕೆಲವರ ಮನೇಲಾದ್ರೂ ಇರ್ಬೇಕು. ಶ್ರಾದ್ಧದ ದಿನ ರಂಗೋಲಿನೂ ಇಲ್ಲ ಕೆಮ್ಮಣ್ಣೂ ಇಲ್ಲ. ಅಂದ್ರೆ ಕೆಮ್ಮಣ್ಣು ಇದ್ರೆ ಮಂಗಳ ಅಂತಾನೇ ಲೆಕ್ಕ. ದೇವಸ್ಥಾನದ ಗೋಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ. ಸಾಗರದ ಕಡೆ ದೀವರು ಅನ್ನೋ ಸಮುದಾಯದವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯೋದು ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚ ಅಂದ್ರೆ ಪುಂಡಿ ನಾರು. ಮದುವೆ ಗಂಡು ಹೆಣ್ಣು ಕೂರೋದು ಆ ಚಿತ್ತಾರದ ಮುಂದೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೂ ಇದೇ ಕೆಮ್ಮಣ್ಣು ಬಳಿದು, ಮೇಲೆ ಬಿಳಿ ಗೆರೆ ಎಳೆದು, ಅದರಲ್ಲಿ ಎಡೆ ತುಂಬ್ಕೊಂಡು ಗದ್ದೆಗೆ ಹೋಗ್ತಾರೆ. ಬರೆಯೋರೆಲ್ಲ ಹೆಂಗಸರು, ಈಗ ಫ್ರೇಮ್ ಹಾಕಿ ಎಕ್ಸಿಬಿಷನ್‌ನಲ್ಲಿ ಮಾರೋಕೆ ಶುರುವಾದ್ಮೇಲೆ ಗಂಡಸರೂ ಬಂದಿದಾರೆ ಅನ್ನಿ.

ಇನ್ನು ಕರಾವಳಿಯ ಕಾವಿ ಕಲೆ. ಉತ್ತರ ಕನ್ನಡ, ಗೋವಾ, ಕೊಂಕಣ ತೀರದ ಹಳೇ ದೇವಸ್ಥಾನಗಳ ಮೇಲೆ ಬಿಳಿ ಹಿನ್ನೆಲೆಯಲ್ಲಿ ಕೆಂಗಂದು ಹೂಬಳ್ಳಿ, ಚಕ್ರ, ಗಣಪತಿ, ಕಾಳಿಂಗಮರ್ದನ ಎಲ್ಲಾ ಕಾಣುತ್ತಲ್ಲ ಅದು. ದೂರದಿಂದ ಪೇಂಟಿಂಗ್ ಅನ್ಸುತ್ತೆ, ಪೇಂಟಿಂಗ್ ಅಲ್ಲ. ಚಿಪ್ಪಿ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಯೋಕೆ ಬಿಟ್ಟು, ಚೆನ್ನಾಗಿ ಕುಟ್ಟಿ ಹದ ಮಾಡಿ ಗೋಡೆಗೆ ಗಿಲಾವು ಮಾಡ್ತಾರೆ, ಅದರ ಮೇಲೆ ಕಾವಿಯ ತೆಳು ಪದರ, ಹಸಿ ಇರೋವಾಗ್ಲೇ ಕಂಠ ಅನ್ನೋ ಚೂಪು ಮೊನೆಯ ಸಲಕರಣೆಯಿಂದ ಗೀರಿ ಕೆರೆದು ಬೇಡದ ಕಡೆ ಕೆಂಪು ತೆಗೆದ್ರೆ ಕೆಳಗಿನ ಬಿಳಿ ಹೊರಗೆ ಬರುತ್ತೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗ್ತಾ ಕಾವಿಯನ್ನ ಒಳಗೇ ಕಟ್ಟಿ ಹಾಕುತ್ತೆ, ಹಾಗಾಗಿ ಕರಾವಳಿಯ ಆ ಮಳೇಲೂ ತಲೆಮಾರುಗಟ್ಟಲೆ ತಡ್ಕೊಂಡು ನಿಂತಿದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆ ಮೇಲೆ ಹೋಗಿ ನೋಡ್ಬಹುದು. ಇದನ್ನ ಊರೂರು ಸುತ್ತಿ ಫೋಟೋ ತೆಗೆದು ದಾಖಲೆ ಮಾಡಿ ಬರೆದವರು ಹೊನ್ನಾವರದ ಡಾ. ಕೃಷ್ಣಾನಂದ ಕಾಮತ್. ಎಷ್ಟೋ ಗುಡಿಗಳು ಜೀರ್ಣೋದ್ಧಾರ ಅಂತ ಹೇಳಿ ಹಳೇ ಗೋಡೆ ಕೆಡವಿ ಗ್ರಾನೈಟ್ ಹಾಕಿಸ್ಕೊಂಡಿವೆ. ಉದ್ಧಾರ ಅಂತೆ.

ಸರಿ, ಬಾಗಿಲ ಮುಂದೆ ಇದ್ದ ಮಣ್ಣು, ಮದುವೆ ಗೋಡೆಗಿದ್ದ ಮಣ್ಣು, ಅದು ಮನೆ ಬಿಟ್ಟವನ ಮೈಮೇಲೆ ಯಾಕೆ ಹೋಯ್ತು? ಕಾವಿ ಅಂದ್ರೆ ತ್ಯಾಗ, ಅಗ್ನಿ, ಜ್ಞಾನ ಅಂತೆಲ್ಲಾ ವ್ಯಾಖ್ಯಾನ ಕೇಳಿರ್ತೀರಿ. ನನಗೆ ಅವೆಲ್ಲ ಆಮೇಲೆ ಹಚ್ಚಿದ್ದು ಅನ್ಸುತ್ತೆ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಇದೆ, ಭಿಕ್ಷುಗಳು ಚೀವರಕ್ಕೆ ಬಣ್ಣ ಹಾಕೋಕೆ ಸಗಣಿ ಮತ್ತೆ ಮಾಸಲು ಜೇಡಿಮಣ್ಣು ಬಳಸ್ತಿದ್ರಂತೆ, ಬಟ್ಟೆ ಕೆಟ್ಟದಾಗಿ ಕಾಣ್ತಿತ್ತಂತೆ, ಆಗ ಬುದ್ಧ ಆರು ಥರದ ಬಣ್ಣಕ್ಕೆ ಒಪ್ಪಿಗೆ ಕೊಟ್ಟ: ಬೇರು, ಕಾಂಡ, ತೊಗಟೆ, ಎಲೆ, ಹೂವು, ಹಣ್ಣು. ಸಗಣಿ ಮಣ್ಣು ಅಂದ್ರೆ ಏನು? ನಮ್ಮ ಅಜ್ಜಿಯರು ನೆಲ ಸಾರಿಸ್ತಿದ್ದಿದ್ದು ಅದರಲ್ಲೇ ಅಲ್ವಾ. ಮನೆಗೆ ಬಳಿಯೋದನ್ನೇ ಮನೆ ಬಿಟ್ಟವನೂ ಬಳ್ಕೊಂಡ, ಯಾಕಂದ್ರೆ ದುಡ್ಡಿಲ್ಲದೆ ಸಿಗೋದು ಅದೊಂದೇ. ಕಾವಿಯ ಅರ್ಥ ಶುರುವಾಗೋದು ಅದರ ಅಗ್ಗದಿಂದ ಅಂತ ನನ್ನ ನಂಬಿಕೆ. ನೀಲಿ ಬೇಕಂದ್ರೆ ದುಡ್ಡು ಕೊಡ್ಬೇಕು, ಅರಗಿನ ಕೆಂಪು ಬೇಕಂದ್ರೂ ಕೊಡ್ಬೇಕು, ಕೆಮ್ಮಣ್ಣಿಗೆ ಬಗ್ಗಿದ್ರೆ ಸಾಕು.

ತೊಗಟೆ ಬೇಯಿಸಿ ಹಾಕಿದ ಬಣ್ಣಕ್ಕೆ ಸಂಸ್ಕೃತದ ಹೆಸರು ಕಾಷಾಯ. ನೆಗಡಿ ಬಂದಾಗ ನಾವು ಕುಡಿಯೋ ಕಷಾಯ ಇದೆಯಲ್ಲ, ಅದರ ನೆಂಟನೇ. ಕಷಾಯ ಅಂದ್ರೆ ಕುದಿಸಿ ಇಳಿಸಿದ ರಸ, ಕಷಾಯ ಅಂದ್ರೆ ಒಗರು ರುಚಿ, ಕಷಾಯ ಅಂದ್ರೆ ಕೆಂಗಂದು ಬಣ್ಣ, ಮೂರೂ. ಇದೇನು ಸಂಸ್ಕೃತದವರ ಚಮತ್ಕಾರ ಅಂದ್ಕೊಳ್ಬೇಡಿ, ಕನ್ನಡದ ತೊಗರೂ ಹಾಗೇ, ಒಗರು ರುಚಿಗೂ ಅದೇ, ಕೆಂಪು ಬಣ್ಣಕ್ಕೂ ಅದೇ, ತಮಿಳಲ್ಲಿ ತುವರ್ ಅಂತಾರೆ, ಸನ್ಯಾಸಿ ಬಟ್ಟೆಗೂ ತುವರಾಡೈ. ಎರಡು ಬೇರೆ ಬೇರೆ ಭಾಷಾಕುಟುಂಬಗಳು ನಾಲಿಗೆ ಮೇಲಿನ ಒಗರನ್ನೂ ಕಣ್ಣಿನ ಕೆಂಗಂದನ್ನೂ ಒಂದೇ ಪದದಲ್ಲಿ ಕಟ್ಟಿದ್ದು ಯಾಕೆ ಅಂದ್ರೆ ಎರಡೂ ಒಂದೇ ಪದಾರ್ಥ, ತೊಗಟೆ ಕಾಯಿಗಳಲ್ಲಿರೋ ಟ್ಯಾನಿನ್. ಮಲೆನಾಡಿನೋರಿಗೆ ಇದನ್ನ ಹೇಳೋದೇ ಬೇಡ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುವಾಗ ಚೊಗರು, ಅಂದ್ರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ, ಹಾಕ್ತಾರಲ್ಲ, ತೊಗರು ಅಂತಾನೂ ಕೆಲವರು ಅಂತಾರೆ, ಅದರಿಂದಾನೇ ಕೆಂಪಡಿಕೆಗೆ ಆ ಹೊಳೆಯೋ ಬಣ್ಣ. ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿ ನೋಡಿ ಬಾಯೆಲ್ಲ ಹಿಡ್ಕೊಳ್ಳುತ್ತೆ, ಅಂಗಿಗೆ ಬಿತ್ತೋ ಕಲೆ ಹೋಗಲ್ಲ.

ಕಲೆ ಅಂದೆ ನೋಡಿ, ಕಷಾಯಕ್ಕೆ ಆ ಅರ್ಥಾನೂ ಇದೆ, ಮನಸ್ಸಿನ ಕೊಳೆ. ಧಮ್ಮಪದದ ಒಂಬತ್ತನೇ ಗಾಥೆ ನಿಂತಿರೋದೇ ಈ ಶ್ಲೇಷೆ ಮೇಲೆ, "ಅನಿಕ್ಕಸಾವೋ ಕಾಸಾವಂ ಯೋ ವತ್ಥಂ ಪರಿದಹೇಸ್ಸತಿ" ಅಂತ. ಒಳಗಿನ ಕಸಾವ ಹೋಗದೇ ಇರೋನು ಮೇಲೆ ಕಾಸಾವ ಉಟ್ಕೊಂಡ್ರೆ ಅವನು ಅದಕ್ಕೆ ಯೋಗ್ಯನಲ್ಲ. ಅಂದ್ರೆ ಕಾವಿ ಬಟ್ಟೆ ಎಷ್ಟು ಹಳೇದೋ ಕಾವಿ ಬಟ್ಟೆಯ ಗೇಲಿನೂ ಹೆಚ್ಚುಕಮ್ಮಿ ಅಷ್ಟೇ ಹಳೇದು. ಶಂಕರರ ಹೆಸರಲ್ಲಿ ಪ್ರಸಿದ್ಧವಾಗಿರೋ ಭಜಗೋವಿಂದಂನಲ್ಲಿ ಜಟಾಧಾರಿ, ಬೋಳಿಸ್ಕೊಂಡೋನು, ಕೂದಲು ಕಿತ್ಕೊಂಡೋನು, ಕಾಷಾಯಾಂಬರದೋನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಉದರನಿಮಿತ್ತಂ ಬಹುಕೃತವೇಷಃ" ಅಂತ ಮುಗಿಸ್ತಾರೆ. ಆ ಕಡೇ ಮಾತು ಕನ್ನಡದ ಗಾದೆ ಥರಾನೇ ಆಗ್ಹೋಗಿದೆ. ನಮ್ಮ ಪತ್ರಿಕೆಗಳಂತೂ ಖಾದಿ, ಖಾಕಿ, ಖಾವಿ ಅಂತ ಪ್ರಾಸ ಕಟ್ಟಿ ಹೆಡ್‌ಲೈನ್ ಹೊಡೀತಾರೆ. ಆ ಪ್ರಾಸದ ಆಸೆಗೆ ಪಾಪ ಕಾವಿಗೆ ಒಂದು ಮಹಾಪ್ರಾಣ ಬಂತು. ಪ್ರೂಫ್ ನೋಡೋರು ಯಾರಾದ್ರೂ ಇದ್ರೆ ದಯವಿಟ್ಟು ಅದನ್ನ ವಾಪಸ್ ತಗೊಳ್ಳಿ.

ಇನ್ನೊಂದು, ಕೇಸರಿ ಬೇರೆ ಕಾವಿ ಬೇರೆ. ಕೇಸರಿ ಹೂವಿನದ್ದು, ದುಬಾರಿ, ಹಳದಿ-ಕಿತ್ತಳೆ ಕಡೆಗೆ. ಕಾವಿ ಮಣ್ಣಿನದ್ದು. ಟಿವಿ ಡಿಬೇಟಲ್ಲಿ ಎರಡೂ ಒಂದೇ ಆಗಿ ಕೂತಿವೆ. ಹಳೇ ಮಠಗಳ ಬಟ್ಟೆ ನೋಡಿದ್ರೆ ಇಟ್ಟಿಗೆ ಬಣ್ಣಕ್ಕೆ ಹತ್ತಿರ ಇರ್ತಿತ್ತು, ಈಗ ಅಂಗಡೀಲಿ ಸಿಗೋದು ಫ್ಲೋರೆಸೆಂಟ್. ಯಾರ ಪರ ವಿರೋಧದ ಮಾತಲ್ಲ ಇದು, ನನ್ನ ತಕರಾರು ಬರೀ ಬಣ್ಣದ್ದು.

ಯುರೋಪಲ್ಲೂ ಇಂಥದ್ದೇ ಒಂದು ಕಥೆ ಇದೆ, ಬೇಗ ಹೇಳಿ ಮುಗಿಸ್ತೀನಿ. ಇಂಗ್ಲಿಷಲ್ಲಿ ರಸೆಟ್ ಅಂತಾರೆ, ಈಗ ಅದು ಕೆಂಗಂದು ಬಣ್ಣದ ಹೆಸರು, ಆದ್ರೆ ಮೊದಲು ಒಂದು ಒರಟು ಉಣ್ಣೆ ಬಟ್ಟೆ. 1363ರಲ್ಲಿ ಇಂಗ್ಲೆಂಡಲ್ಲಿ ಒಂದು ಕಾನೂನು ಬಂತು, 40 ಶಿಲ್ಲಿಂಗ್ ಬೆಲೆಯ ಆಸ್ತಿನೂ ಇಲ್ಲದ ಉಳುಮೆಯವರು, ಗಾಡಿಯವರು ಕಂಬಳಿ ಬಟ್ಟೆ ಇಲ್ಲಾ ರಸೆಟ್ ಮಾತ್ರ ಉಡ್ಬೇಕು ಅಂತ. ಬಹಳ ದಿನ ಉಳೀಲಿಲ್ಲ ಅದು. ಆದ್ರೆ ಆ ಬಡವರ ಬಣ್ಣ ನಿಧಾನಕ್ಕೆ ಪ್ರಾಮಾಣಿಕತೆಯ ಬಣ್ಣ ಆಯ್ತು, 1643ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೊಡೆದಾಡ್ತಿದ್ದ ಕ್ರಾಮ್‌ವೆಲ್ ಒಂದು ಪತ್ರದಲ್ಲಿ, ಬರೀ ಹೆಸರಿಗೆ ಜಂಟಲ್‌ಮನ್ ಆಗಿರೋನಿಗಿಂತ ತಾನು ಯಾಕೆ ಹೊಡೆದಾಡ್ತಿದೀನಿ ಅಂತ ಗೊತ್ತಿರೋ ರಸೆಟ್ ಕೋಟಿನ ಸಾದಾ ಕ್ಯಾಪ್ಟನ್ನೇ ನನಗೆ ಸಾಕು ಅಂತ ಬರೀತಾನೆ. ಷೇಕ್ಸ್‌ಪಿಯರ್ ಹ್ಯಾಮ್ಲೆಟ್‌ನ ಮೊದಲ ದೃಶ್ಯದಲ್ಲೇ ಬೆಳಗಿಗೆ ಈ ರಸೆಟ್ ಹೊದಿಸಿ ಬೆಟ್ಟದ ಇಬ್ಬನಿ ಮೇಲೆ ನಡೆಸ್ತಾನೆ. ರೈತನ ಬಟ್ಟೆ ಉಟ್ಟ ಬೆಳಗು! ನಮಕದ ದನ ಕಾಯೋರ ಪಕ್ಕ ನಿಲ್ಲಿಸ್ಬಹುದು ಇದನ್ನ. ವ್ಯತ್ಯಾಸ ಏನಪ್ಪ ಅಂದ್ರೆ ಅಲ್ಲಿ ಬಡವನಿಗೆ ಈ ಬಣ್ಣ ಉಡು ಅಂತ ಸರ್ಕಾರ ಹೇಳಿತ್ತು, ಇಲ್ಲಿ ಸನ್ಯಾಸಿ ತಾನಾಗೇ ಹೋಗಿ ಉಟ್ಕೊಂಡ.

ಕಡೆಗೆ ನೆಲದ ವಿಷ್ಯ. ಧಾರವಾಡ ಬಳ್ಳಾರಿ ಕಡೆ ಕೆಂಪು ಹೊಲಕ್ಕೆ ಮಸಾರಿ ಅಂತಾರೆ, ಕಪ್ಪಿದ್ರೆ ಎರಿ. ಹೆಣ್ಣು ಕೊಡೋರು ಹೊಲ ಎರಿಯೋ ಮಸಾರಿಯೋ ಅಂತ ಕೇಳ್ತಿದ್ದ ಕಾಲ ಇತ್ತು. ಚಿಕ್ಕಮಗಳೂರಿನ ಕೆಮ್ಮಣ್ಣುಗುಂಡಿ ಹೆಸರಲ್ಲೇ ಎಲ್ಲಾ ಇದೆ, ಇವತ್ತು ಅದು ಹಿಲ್ ಸ್ಟೇಷನ್ನು, ಒಂದು ಕಾಲಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗ್ತಿದ್ದಿದ್ದು ಅಲ್ಲಿಂದಲೇ. ಇನ್ನು ಸಂಡೂರು, ಹೊಸಪೇಟೆ. ಅಲ್ಲಿನ ಅದಿರೂ ಹೆಮಟೈಟೇ, ರಂಗೋಲಿ ಅಂಚಿನ ಕೆಂಪೇ ಅದು. ಗಣಿ ಜೋರಾಗಿದ್ದ ವರ್ಷಗಳಲ್ಲಿ ಲಾರಿ ಹೋದ ದಾರಿ ಪಕ್ಕದ ಮರ, ಜೋಳದ ಎಲೆ, ಹೋಟೆಲ್ ಬೋರ್ಡು, ಒಣಗಿಹಾಕಿದ ಬಟ್ಟೆ ಎಲ್ಲಾ ಕಾವಿ ಉಟ್ಕೊಂಡಿದ್ವು. ಜುಲೈ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಧೂಳು ಸ್ವಲ್ಪ ಕೂತಿತು. ಬಗ್ಗಿದ್ರೆ ಸಾಕು ಅಂತ ಅಂದೆನಲ್ಲ, ಅಲ್ಲಿ ಬಗ್ಗಿದ್ದು ಜೆಸಿಬಿ, ಆಗ ಆ ಮಣ್ಣಿಗೆ ಡಾಲರ್ ರೇಟಿತ್ತು.

(ಮಾತು ಮುಗಿದ್ಮೇಲೆ ಪ್ರಶ್ನೆಗಳು ಬಂದ್ವು. ಒಂದನ್ನ ಇಲ್ಲಿ ಸೇರಿಸ್ತೀನಿ. ಹಿಂದಿನ ಸಾಲಲ್ಲಿದ್ದ ಹಿರಿಯರೊಬ್ಬರು ಕೇಳಿದ್ದು: ಕಾವಿಕಲ್ಲು ಅರೆದು ಬಟ್ಟೆಗೆ ಹಾಕಿದ್ರೆ ಬಣ್ಣ ನಿಲ್ಲುತ್ತಾ?)

ನಿಲ್ಲಲ್ಲ ಸಾರ್. ಅದು ಡೈ ಅಲ್ಲ, ಪಿಗ್ಮೆಂಟ್. ತೊಗಟೆಯ ಬಣ್ಣ ನೂಲಿನೊಳಗೆ ಇಳಿಯುತ್ತೆ, ಕಲ್ಲಿನ ಪುಡಿ ನೂಲಿನ ಮೇಲೆ ಕೂತಿರುತ್ತೆ ಅಷ್ಟೇ. ಗೋಡೆಯಲ್ಲಿ ಸುಣ್ಣ ಹಿಡ್ಕೊಳ್ಳುತ್ತೆ, ಬಟ್ಟೆಯಲ್ಲಿ ಹಿಡ್ಕೊಳ್ಳೋಕೆ ಏನಿದೆ? ಅದಕ್ಕೇ ಹಿಂದಿನವರು ಒಗೆದಾಗೆಲ್ಲ ಮತ್ತೆ ಕಾವಿ ನೀರಲ್ಲಿ ಅದ್ದಿ ಒಣಗಿಸ್ತಿದ್ರು, ಒಂದೇ ಬಟ್ಟೆ ಒಂದು ವಾರ ಇಟ್ಟಿಗೆ ಥರ ಇದ್ರೆ ಇನ್ನೊಂದು ವಾರ ಗುಲಾಬಿ ಥರ ಇರ್ತಿತ್ತು. ನಿಮಗೆ ಮಾಡಿ ನೋಡೋ ಆಸೆ ಇದ್ರೆ ಹಳೇ ಪಂಚೆ ಒಂದು ತಗೊಂಡು ಮಾಡಿ, ಆದ್ರೆ ಅದನ್ನ ಮನೆಯವರ ಬಟ್ಟೆ ಜೊತೆ ವಾಷಿಂಗ್ ಮಷೀನಿಗೆ ಮಾತ್ರ ಹಾಕ್ಬೇಡಿ, ಇಡೀ ಮನೆ ಸನ್ಯಾಸ ತಗೊಳ್ಳುತ್ತೆ.